ಮುರಿಯದ ಸೂಜಿ

ಶುಕ್ರವಾರ, ಸಂಜೆ

ಮಾತಿನಲ್ಲಿ ಮಹಾ ಜಿಪುಣರಾದ ನನ್ನ ಯಜಮಾನರಿಗೆ,

ನಮಸ್ಕಾರ ಆಮೇಲೆ, ಮೊದಲು ಜಗಳ. ಮಂಗಳವಾರದಿಂದ ನೀವು ಫೋನ್ ಎತ್ತುತ್ತಿಲ್ಲ. ಕಾರ್ಖಾನೆಗೆ ರಾಜೀನಾಮೆ ಕಳಿಸಿದ್ದೀರಂತೆ. ನನಗೆ ಬಂದದ್ದು ಒಂದೇ ಸಾಲು: ಈ ಊರು ಬಿಡುತ್ತೇನೆ, ಕಾಯಬೇಡ. ಎರಡು ವರ್ಷದ ಹಿಂದೆ ಬೇರೆ ಕಡೆ ಬಾಡಿಗೆ ಕೋಣೆ ಮಾಡಿಕೊಂಡು ಹೋದಾಗಲೂ ಇಷ್ಟೇ ಮಾತು ಖರ್ಚು ಮಾಡಿದ್ದಿರಿ. ನಿದ್ದೆಗಣ್ಣಿನಲ್ಲಿ ನನ್ನ ಕುತ್ತಿಗೆ ಹಿಡಿದಿರಿ, ಎಚ್ಚರವಾದ ಮೇಲೆ ನನಗಿಂತ ನೀವೇ ಹೆಚ್ಚು ಹೆದರಿದಿರಿ, ಬೆಳಗಾಗುವಷ್ಟರಲ್ಲಿ ಪೆಟ್ಟಿಗೆ ಕಟ್ಟಿದಿರಿ. ಆಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ಆಗುವುದಿಲ್ಲ.

ಮಂಗಳವಾರ ನಡೆದದ್ದರಲ್ಲಿ ನಿಮಗೆ ಗೊತ್ತಿರುವುದು ಅರ್ಧ ಮಾತ್ರ. ನಿಮ್ಮ ಮುಖ ನೆಲಕ್ಕಿತ್ತು, ಕಣ್ಣು ಮುಚ್ಚಿತ್ತು. ಉಳಿದ ಅರ್ಧ ನೋಡಿದವಳು ನಾನು. ಅದನ್ನು ಓದಿದ ಮೇಲೂ ಊರು ಬಿಡಬೇಕು ಅನ್ನಿಸಿದರೆ ಬಿಡಿ.

ನಾನು ಅವತ್ತು ಕಾರ್ಖಾನೆಗೆ ಯಾಕೆ ಬಂದಿದ್ದೆ ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಮಾಜಿ ಸೈನಿಕರಿಗೆ ಕೆಲಸ ಕೊಟ್ಟು ಚೆನ್ನಾಗಿ ನೋಡಿಕೊಳ್ಳುವವರಿಗೆ ಸರ್ಕಾರ ಮನ್ನಣೆ ಕೊಡುತ್ತದಲ್ಲ, ನಿಮ್ಮ ಅಂಗಿ ಕಾರ್ಖಾನೆಗೆ ಹೋದ ವರ್ಷ ಕಂಚಿನ ಪದಕ ಬಂದಿತ್ತು. ನಿಮಗಾಗಿ ಊಟದ ಹೊತ್ತಿನ ಸೈರನ್ ನಿಲ್ಲಿಸಿ ಹಸಿರು ದೀಪ ಹಾಕಿಸಿದ್ದಕ್ಕೆ, ಆಸ್ಪತ್ರೆಗೆ ಹೋಗುವ ದಿನ ಕೇಳದೆಯೇ ರಜೆ ಕೊಟ್ಟಿದ್ದಕ್ಕೆ. ಈ ವರ್ಷ ಬೆಳ್ಳಿಗೆ ಅರ್ಜಿ ಹಾಕಿದ್ದಾರೆ. ಸಮಿತಿಯವರು ಬಂದು ನೋಡುತ್ತಾರೆ, ಮನೆಯವರ ಮಾತನ್ನೂ ಕೇಳುತ್ತಾರೆ ಎಂದು ಮಾಲೀಕರು ಕರೆದರು. ಬಂದೆ. ಭಾನುವಾರ ಹೊಸ್ತಿಲಲ್ಲೇ ಚೂರು ಹೊತ್ತು ನಿಂತು ಹೊರಟುಬಿಡುವ ನಿಮ್ಮನ್ನು ಒಂದು ಸಲ ಕಣ್ತುಂಬ ನೋಡೋಣ ಎಂಬ ಆಸೆಯೂ ಇತ್ತು. ಅದಕ್ಕಾಗಿ ಬಟ್ಟೆಯನ್ನು ಎರಡು ಸಲ ಬದಲಾಯಿಸಿದೆ, ನಗಬೇಡಿ.

ನೀವು ಮೇಜಿನ ಮುಂದೆ ಅಂಗಿ ಮಡಿಸುತ್ತಿದ್ದಿರಿ. ಹೊಲಿಯುವ ಹೆಂಗಸರೆಲ್ಲ ನಿಮ್ಮನ್ನು ಕರ್ನಲ್ ಎಂದು ಕರೆಯುವುದು ಕೇಳಿ ನಗು ತಡೆಯಲಾಗಲಿಲ್ಲ. ಸೈನ್ಯದಲ್ಲಿ ಲಾರಿ ಓಡಿಸಿದವರಿಗೆ ಅಂಗಿ ಮಡಿಸುವಲ್ಲಿ ಎಂಥ ಬಡ್ತಿ!

ಆ ಹೊಸ ಮ್ಯಾನೇಜರ್‌ಗೆ ಉತ್ಸಾಹ ಜಾಸ್ತಿ. ಸಮಿತಿಯ ಮೂವರಿಗೂ ಹಸಿರು ದೀಪ ತೋರಿಸಿದ. ಮೊದಲಿನ ಸೈರನ್ ಅಷ್ಟೊಂದು ಜೋರಾಗಿತ್ತಾ ಎಂದು ಅವರಲ್ಲಿ ಒಬ್ಬರು ಕೇಳಿದ್ದೇ ತಪ್ಪಾಯಿತು. 'ಕೇಳಿಸ್ತೀನಿ ಸಾರ್, ನಿಮಗೇ ಗೊತ್ತಾಗುತ್ತೆ' ಎಂದವನೇ ಗುಂಡಿ ಒತ್ತಿಬಿಟ್ಟ. ಯಾರಿಗಾಗಿ ಅದನ್ನು ನಿಲ್ಲಿಸಿದ್ದರೋ ಆ ಮನುಷ್ಯ ಎದುರಿಗೇ ನಿಂತಿದ್ದಾನೆ ಎನ್ನುವುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ನೀವು ಮೇಜಿನ ಕೆಳಗೆ ಬಿದ್ದಿರಿ. ಸೈರನ್ ಕಡೆ ನೋಡುತ್ತಿದ್ದ ಸಮಿತಿಯವರು ಇತ್ತ ತಿರುಗುವುದರೊಳಗೆ ಪಕ್ಕದ ಸಾಲಿನಿಂದ ಒಂದು ಕೂಗು ಬಂತು: 'ಸೂಜಿ ಮುರೀತು!' ಗುಂಡಿಗಳ ಕಾಜಾ ಹೊಲಿಯುವ ದಪ್ಪ ಹೆಂಗಸು, ನೀವೆಲ್ಲ ಕಾಜಾ ಅಕ್ಕ ಅನ್ನುತ್ತೀರಲ್ಲ, ಅವರದೇ ದನಿ. ಕೂಗಿದ್ದೇ ತಡ, ಮಿಷನ್‌ಗಳೆಲ್ಲ ನಿಂತವು. ಅಷ್ಟೂ ಹೆಂಗಸರು ನೆಲಕ್ಕಿಳಿದರು. ಕೆಲವರು ಮಂಡಿಯೂರಿದರು, ಕೆಲವರು ಮೇಜಿನಡಿಗೇ ತೂರಿದರು. ಮುರಿದ ಸೂಜಿಯ ಚೂರು ಅಂಗಿಯೊಳಗೆ ಸೇರಬಾರದು, ಎಲ್ಲ ಚೂರೂ ಸಿಗುವವರೆಗೆ ಕೆಲಸ ನಿಲ್ಲಿಸಿ ಹುಡುಕಬೇಕು ಎಂಬ ನಿಯಮವಿದೆಯಂತೆ. ಅಷ್ಟು ಜನ ನೆಲದ ಮೇಲಿರುವಾಗ ನೀವೂ ಅವರಲ್ಲಿ ಒಬ್ಬರಾಗಿ ಕಂಡಿರಿ. ಸಮಿತಿಯ ಕಿರಿಯ ಸದಸ್ಯರು ಎಂಥ ಶಿಸ್ತು ಎಂದು ಮೆಚ್ಚಿಕೊಂಡು ಬರೆದುಕೊಂಡರು.

ನಾನೂ ಮಂಡಿಯೂರಿದೆ. ದಡ್ಡಿ, ನಿಜವಾಗಿಯೂ ಸೂಜಿಯನ್ನೇ ಹುಡುಕಿದೆ! ಕಾಜಾ ಅಕ್ಕ ತೆವಳಿಕೊಂಡು ಬಂದು ಕಿವಿಯಲ್ಲಿ ಹೇಳಿದರು: 'ಯಾವ ಸೂಜಿನೂ ಮುರಿದಿಲ್ಲ ಕಣಮ್ಮಾ. ಕರ್ನಲ್ ಎದ್ದೇಳೋವರೆಗೂ ಹುಡುಕ್ತಾ ಇರೋದು, ಅಷ್ಟೆ.' ನೀವು ಸೇರಿದ ಹೊಸದರಲ್ಲಿ ಬಟ್ಟೆಯ ಮೂಟೆ ದಢಾರನೆ ಬಿದ್ದು ಒಮ್ಮೆ ಹೀಗೇ ಆಗಿತ್ತಂತೆ. ಅವತ್ತು ಅವರ ಬಾಯಿಗೆ ಬಂದದ್ದು ಅದೊಂದೇ ಮಾತು. ಆಮೇಲೆ ಅದೇ ರೂಢಿಯಾಯಿತು. ಮಾಲೀಕರಿಗೂ ಗೊತ್ತಿರಲಿಲ್ಲ, ಬೆಳ್ಳಿಯ ಅರ್ಜಿಯಲ್ಲೂ ಅದರ ಸುದ್ದಿಯಿಲ್ಲ. ನೀವೋ, ಈ ಹೆಂಗಸರಿಗೆ ಕೈಯಲ್ಲಿ ಹಿಡಿತವೇ ಇಲ್ಲ, ಎಷ್ಟು ಸೂಜಿ ಮುರಿಯುತ್ತಾರೆ ಎಂದು ನನ್ನ ಹತ್ತಿರ ಗೊಣಗುತ್ತಿದ್ದಿರಿ.

ನಾನು ಅತ್ತುಬಿಟ್ಟೆ. ನೀವು ಎದ್ದಾಗ ಮೊದಲು ಕಂಡದ್ದು ಆ ಅಳುಮುಖವೇ ಇರಬೇಕು; ಹಿಂದಿನ ಬಾಗಿಲಿನಿಂದ ಓಡಿದಿರಿ. ಅವಮಾನದಿಂದ ಅತ್ತಳು ಎಂದುಕೊಂಡಿರಾ? ಹೊಟ್ಟೆಕಿಚ್ಚಿನಿಂದ ಅತ್ತೆ ಕಣ್ರೀ. ಅವರೆಲ್ಲ ನಿಮ್ಮ ಜೊತೆ ನೆಲಕ್ಕೆ ಇಳಿಯಬಹುದು, ನಾನು ಮಾತ್ರ ಇಳಿಯಬಾರದೇ? ನನ್ನನ್ನು ನಿಮ್ಮಿಂದ ಕಾಪಾಡುತ್ತೇನೆ ಎಂದು ಹೊರಟುಬಿಟ್ಟಿರಿ. ಕಾಪಾಡಿ ಎಂದು ನಾನು ಕೇಳಿದ್ದೆನೇ?

ಮರುದಿನ ಮಾಲೀಕರು ಮನೆಗೆ ಬಂದರು. ತಾವೇ ಏಣಿ ಹತ್ತಿ ಸೈರನ್ ಕಿತ್ತುಹಾಕಿದರಂತೆ. ಕಾಜಾ ಅಕ್ಕನಿಂದ ವಿಷಯ ತಿಳಿದ ಮೇಲೆ ಸಮಿತಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ. ಬೆಳ್ಳಿ ಬರುತ್ತದೋ ಕಂಚೂ ಹೋಗುತ್ತದೋ ಅವರಿಗೇ ಗೊತ್ತಿಲ್ಲ. ನಿಮ್ಮನ್ನು ಕರೆತರಬೇಕು ಎಂದರು. ಅವರ ಪದಕಕ್ಕಾಗಿ ನಾನು ನಿಮ್ಮನ್ನು ಕರೆಯುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಅವರು ಬೇಸರಪಡಲಿಲ್ಲ. 'ಪದಕ ಹಾಳಾಗಿ ಹೋಗ್ಲಿ ಬಿಡಿ, ಮನುಷ್ಯ ಬಂದ್ರೆ ಸಾಕು' ಎಂದರು. ಒಳ್ಳೆಯವರು. ರಾಜೀನಾಮೆಯನ್ನು ಇನ್ನೂ ಒಪ್ಪಿಕೊಂಡಿಲ್ಲ.

ಕೆಲಸದ ವಿಷಯ ನಿಮಗೆ ಬಿಟ್ಟದ್ದು. ನನ್ನದು ಬೇರೆ. ಮನೆಗೆ ಬನ್ನಿ. ರಾತ್ರಿಯ ಭಯವಿದ್ದರೆ ಬೇರೆ ಹಾಸಿಗೆ ಹಾಕೋಣ, ನಡುವೆ ಗೋಡೆ ಬೇಕಾದರೂ ಇರಲಿ. ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ಬೇರೆ ಮನೆ ಮಾತ್ರ ಬೇಡ. ನೀವಿಲ್ಲದೆ ನನಗೆ ಸಾಕಾಗಿದೆ.

ಏನೇ ಆದರೂ ನಿಮ್ಮವಳೇ ಆದ,
ನಿಮ್ಮ ಹೆಂಡತಿ

ತಾ.ಕ.: ಲಕೋಟೆಯೂ ಇಲ್ಲ, ಅಂಚೆಚೀಟಿಯೂ ಇಲ್ಲ, ನೋಡಿದಿರಾ? ಇದನ್ನು ನಿಮ್ಮ ಕೋಣೆಯ ಹೊರಗೆ, ಮೆಟ್ಟಿಲ ಮೇಲೆ ಕೂತು ಬರೆದೆ. ಒಳಗೆ ನೀವು ಓಡಾಡುವುದು ಕೇಳಿಸುತ್ತಿದೆ. ಬಾಗಿಲು ಬಡಿದರೆ ಬೆಚ್ಚುತ್ತೀರಿ ಎಂದು ಬಡಿಯಲಿಲ್ಲ. ಕೆಳಗಿನ ಸಂದಿಯಿಂದ ತಳ್ಳುತ್ತಿದ್ದೇನೆ. ನಿಧಾನವಾಗಿ ಓದಿ. ನಾನು ಇಲ್ಲೇ ಇದ್ದೇನೆ.