ಟೋಕನ್ ನಂಬರಿಲ್ಲದ ಸಹಿ

ನಮ್ಮ ಕೈಗಾರಿಕಾ ವಲಯದ ಪರವಾನಗಿ ಕಚೇರಿಯಲ್ಲಿ ದೊಡ್ಡ ಕುರ್ಚಿಯ ಮೇಲೆ ಕೂತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಸಂಗಣ್ಣ ಎಂಬ ಲೋಡಿಂಗ್ ಕಾರ್ಮಿಕ, ನೀವು ಕರೆದಿರಿ ಎಂದು ನಿಮ್ಮ ಕಚೇರಿಗೆ ಬಂದು ಇಂದಿಗೆ ಹತ್ತೊಂಬತ್ತು ದಿನ. ಜಿಗಣಿಯ ತನ್ನ ರೂಮಿಗೆ ಅವನು ವಾಪಸು ಬಂದಿಲ್ಲ. ಕೆಲಸಕ್ಕೆ ಹೋಗಿಲ್ಲ, ಊರಿಗೂ ಹೋಗಿಲ್ಲ. ಫೋನು ಸ್ವಿಚ್ ಆಫ್. ಅವನು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಸಹಿ ಹಾಕಿ ಹೊರಗೆ ಹೋದ ಎಂದು ನಿಮ್ಮ ಕಚೇರಿ ಹೇಳುತ್ತಿದೆ. ಆ ಸಹಿ ಅವನದಲ್ಲ ಎಂದು ನಾನು ಹೇಳುತ್ತಿದ್ದೇನೆ. ಯಾಕೆ ಹೇಳುತ್ತೇನೆ ಎಂಬುದನ್ನು ತಿಳಿಸಲು ಈ ಪತ್ರ.

ಇದನ್ನು ನಿಮ್ಮೆದುರು ನಿಂತೇ ಹೇಳಬಹುದಿತ್ತು. ಮೂರು ಸಲ ಬಂದೆ. ಮೂರು ಸಲವೂ ‘ಸಾರ್’ ಎಂದಷ್ಟೇ ಹೇಳಿ ವಾಪಸು ಹೋದೆ. ನಾಲ್ಕು ಜನರ ಮುಂದೆ ಮಾತಾಡುವುದು ನನ್ನಿಂದ ಆಗದು. ಬರೆಯುವುದು ಸ್ವಲ್ಪ ಬರುತ್ತದೆ. ನಾನು ಓದಿದ್ದು ಐದನೇ ತರಗತಿ. ಅಲ್ಲಿ ಕಲಿಯದೆ ಉಳಿದ ಕೆಲವು ಪದಗಳನ್ನು ನಿಮ್ಮ ನೋಟಿಸುಗಳು ಕಲಿಸಿವೆ. ‘ಸದರಿ’ ಎಂಬ ಪದ ನನಗೆ ಬಹಳ ಹಿಡಿಸಿತು. ಬದುಕಿರುವ ಮನುಷ್ಯನ ಹೆಸರಿಗೆ ಆ ಪದ ಹಚ್ಚಿದರೆ ಅವನು ಅರ್ಧ ಕಾಗದವಾಗಿಬಿಡುತ್ತಾನೆ.

ಸದರಿ ಸಂಗಣ್ಣನನ್ನು ನಾನು ಕಂಡದ್ದು ಅಚ್ಚುಮನೆಯಲ್ಲಿ. ಅದು ಏನು ಎಂದು ನಿಮಗೆ ಗೊತ್ತು, ಅದಕ್ಕೆ ಬೀಗ ಹಾಕಿಸಿದವರು ನೀವೇ. ಆದರೂ ಈ ಪತ್ರವನ್ನು ಬೇರೆಯವರೂ ಓದುತ್ತಾರೆ, ಅವರಿಗಾಗಿ ಹೇಳುತ್ತೇನೆ. ದಾವಣಗೆರೆ ಕಡೆಯ ಶೈಲಜಾ ಎಂಬ ಚಿತ್ರಕಲಾವಿದೆ ಜಿಗಣಿಯಲ್ಲಿ, ಹಿಂದೆ ನಟ್ಟು ಬೋಲ್ಟು ಮಾಡುತ್ತಿದ್ದ ಒಂದು ಖಾಲಿ ಷೆಡ್ಡನ್ನು ಬಾಡಿಗೆಗೆ ಹಿಡಿದು, ಕೈಯಿಂದ ತಿರುಗಿಸುವ ಒಂದು ಪ್ರೆಸ್ಸು ತಂದಿಟ್ಟರು. ವಾರದ ದಿನಗಳಲ್ಲಿ ಪಟ್ಟಣದ ಕಲಾವಿದರು ಬಂದು ಕೆಲಸ ಮಾಡುತ್ತಿದ್ದರು, ಅವರಿಗೆ ಕಾರ್ಯಾಗಾರಗಳೂ ಇದ್ದವು. ಭಾನುವಾರ ನಮ್ಮದು. ಬೊಮ್ಮಸಂದ್ರದಲ್ಲಿ ಮಾತ್ರೆ ಡಬ್ಬಿಗೆ ಲೇಬಲ್ ಅಂಟಿಸುವ ನಾನು, ಲಾರಿಗೆ ಡ್ರಮ್ಮು ಹತ್ತಿಸುವ ಸಂಗಣ್ಣ, ಗಾರೆ ಕೆಲಸದವರು, ಗಾರ್ಮೆಂಟ್ಸಿನವರು, ಹೀಗೆ ಮೂವತ್ತು ಜನ ಸೇರುತ್ತಿದ್ದೆವು. ರಬ್ಬರಿನಂಥ ಒಂದು ಹಾಳೆಯ ಮೇಲೆ ಸಣ್ಣ ಉಳಿಯಿಂದ ಕೆತ್ತಬೇಕು, ರೋಲರಿನಿಂದ ಕಪ್ಪು ಇಂಕು ಬಳಿಯಬೇಕು, ಮೇಲೆ ಕಾಗದ ಹಾಕಿ ಒತ್ತಬೇಕು. ಕೆತ್ತಿದ ಜಾಗ ಬಿಳಿಯಾಗಿ ಉಳಿಯುತ್ತದೆ, ಕೆತ್ತದೆ ಬಿಟ್ಟದ್ದು ಕಪ್ಪಾಗಿ ಬರುತ್ತದೆ. ಎಡಕ್ಕೆ ಕೆತ್ತಿದ್ದು ಕಾಗದದ ಮೇಲೆ ಬಲಕ್ಕೆ ಬರುತ್ತದೆ. ನಾನು ಮೊದಲ ಸಲ ನನ್ನ ಹೆಸರನ್ನು ಇದ್ದ ಹಾಗೇ ಕೆತ್ತಿ ಒತ್ತಿದಾಗ ಅದು ಕನ್ನಡಿಯೊಳಗಿನ ಹೆಸರಿನಂತೆ ಹಿಂದುಮುಂದಾಗಿ ಬಂದಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒತ್ತಿದ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಸಹಿ ಹಾಕುವುದು ಈ ಕೆಲಸದ ಪದ್ಧತಿ. ಸಂಗಣ್ಣ ತನ್ನ ಮೊದಲ ಚಿತ್ರದ ಕೆಳಗೆ ಬರೆಯುತ್ತಾ ಕೂತ. ಬರೆದು ಮುಗಿಯಲೇ ಇಲ್ಲ. ಶೈಲಜಕ್ಕ ಬಗ್ಗಿ ನೋಡಿದರೆ, ‘ಸಂಗಣ್ಣ, ಟೋಕನ್ ೪೧೮, ತಂದೆ ಹನುಮಪ್ಪ’, ಆಮೇಲೆ ಊರು, ತಾಲ್ಲೂಕು, ಯೂನಿಟ್ಟಿನ ಹೆಸರು, ಕಂಟ್ರಾಕ್ಟರನ ಹೆಸರು.

“ಹೆಸರೊಂದೇ ಸಾಕು ಸಂಗಣ್ಣ, ಇದು ಹಾಜರಿ ಪುಸ್ತಕ ಅಲ್ಲ.”

“ಬರೇ ಹೆಸರು ಬರದ್ರ ಯಾವ ಸಂಗಣ್ಣ ಅಂತ ಹೆಂಗ ತಿಳೀಬೇಕ್ರೀ ಅಕ್ಕಾರ? ನಮ್ಮ ಯೂನಿಟ್‌ನ್ಯಾಗ ಮೂರು ಮಂದಿ ಸಂಗಣ್ಣ ಅದಾರ. ಮೊನ್ನಿ ಒಬ್ಬಾಂವ ನನ್ನ ಹಾಜರಿ ತಿಂದಾನ. ಟೋಕನ್ ಇಲ್ಲದ ಸಹಿ ನನ್ನ ಸಹಿನ ಅಲ್ಲ.”

ಅದು ನಮಗೆಲ್ಲ ಸರಿ ಎನಿಸಿತು. ಸಹಿ ಎಂದರೆ ಗೇಟಿನಲ್ಲಿ ಹಾಕುವುದು ಎಂದಷ್ಟೇ ಗೊತ್ತಿದ್ದ ನಾವೆಲ್ಲ ಅವತ್ತಿನಿಂದ ನಮ್ಮ ಚಿತ್ರಗಳ ಕೆಳಗೆ ಹಾಜರಿಗೆಂದು ಕೊಟ್ಟ ಟೋಕನ್ ನಂಬರು, ಕಂಪನಿ, ಎಲ್ಲವನ್ನೂ ಬರೆದೆವು. ಶೈಲಜಕ್ಕ ತಲೆ ಚಚ್ಚಿಕೊಂಡರು, ಬೇಡ ಎನ್ನಲಿಲ್ಲ. ನಿಮ್ಮ ಕೆಲಸವನ್ನು ಅಷ್ಟು ಸುಲಭ ಮಾಡಿಕೊಟ್ಟವರು ನಾವೇ. ಅದಕ್ಕೆ ನೀವು ನಮಗೆ ಒಂದು ಧನ್ಯವಾದ ಹೇಳಬಹುದಿತ್ತು.

ಸಂಗಣ್ಣ ಕೆತ್ತಿದ್ದು ತನ್ನ ಯೂನಿಟ್ಟಿನ ಹಿಂದಿನ ಕಾಂಪೌಂಡು ಗೋಡೆ, ಗೋಡೆಯಿಂದ ಈಚೆ ಬಂದ ಒಂದು ಕೊಳವೆ, ಅದರ ಕೆಳಗೆ ಮೋರಿಯ ತುಂಬ ಫ್ಯಾಕ್ಟರಿ ನೀರಿನ ನೊರೆ. ಅದು ದೂರಿನ ಚಿತ್ರವಲ್ಲ. ದೂರು ಕೊಡುವ ಮನುಷ್ಯನೂ ಅವನಲ್ಲ. ನೊರೆಯೇ ಯಾಕೆ ಎಂದು ನಾನು ಕೇಳಿದ್ದೆ. “ಬೆಳಗಾಗ ಬಿಸಲು ಬಿದ್ರ ನೀ ನೋಡಬೇಕವ್ವಾ ಸವಿತಾ, ಹತ್ತಿ ರಾಶಿ ಹಾಕಿದಂಗ ಹೊಳೀತೈತಿ” ಎಂದ. ಆ ಬಿಳಿಯನ್ನು ಬಿಡಿಸಲು ಆರು ಭಾನುವಾರ ಕೆತ್ತಿದ. ಹನ್ನೆರಡು ಪ್ರತಿ ಒತ್ತಿದ. ಅಚ್ಚುಮನೆಯಲ್ಲಿ ಒಬ್ಬರ ಚಿತ್ರವನ್ನು ಇನ್ನೊಬ್ಬರಿಗೆ ಕೊಟ್ಟುಕೊಳ್ಳುವ ವಾಡಿಕೆ ಇತ್ತು. ಹಾಗಾಗಿ ಹನ್ನೊಂದು ಪ್ರತಿಗಳು ಹನ್ನೊಂದು ಜನರ ರೂಮುಗಳಿಗೆ ಹೋದವು. ಉಳಿದ ಒಂದು ಪ್ರತಿ ಷೆಡ್ಡಿನಲ್ಲಿ ತಂತಿಗೆ ನೇತುಬಿದ್ದಿತ್ತು. ಪರವಾನಗಿ ನೋಡಲು ಬಂದ ನಿಮ್ಮ ಇನ್ಸ್‌ಪೆಕ್ಟರು ಅದರ ಮುಂದೆ ನಿಂತು ಶೈಲಜಕ್ಕನನ್ನು ಕೇಳಿದರು.

“ಮೂರು ಬೈ ಹನ್ನೆರಡು ಅಂತ ಬರ್ದಿದೆಯಲ್ಲ, ಏನ್ರೀ ಇದು? ಕೋಡಾ?”

“ಅಲ್ಲ ಸಾರ್. ಹನ್ನೆರಡು ಪ್ರತಿ ಇದಾವೆ. ಇದು ಮೂರನೇದು.”

“ಓಹೋ. ಮಿಕ್ಕಿದ್ ಹನ್ನೊಂದು ಎಲ್ಲಿ?”

“ಹಂಚ್ಕೊಂಡಿದಾರೆ ಸಾರ್.”

“ಹಂಚಿದೀರಾ! ಸರಿ ಮೇಡಂ, ಆ ಹನ್ನೊಂದು ಜನದ ಹೆಸರು ಬರ್ಕೊಟ್ಬಿಡಿ. ನೀಟಾಗಿ.”

ಶೈಲಜಕ್ಕ ಬರೆದುಕೊಡಲಿಲ್ಲ. ಅದರಿಂದ ನಿಮಗೇನೂ ತೊಂದರೆಯಾಗಲಿಲ್ಲ. ತಂತಿಗೆ ನೇತುಬಿದ್ದ ಉಳಿದ ಚಿತ್ರಗಳ ಕೆಳಗೆಲ್ಲ ನಮ್ಮ ಟೋಕನ್ ನಂಬರುಗಳಿದ್ದವು, ಇನ್ಸ್‌ಪೆಕ್ಟರು ಫೋನಿನಲ್ಲಿ ಒಂದೊಂದನ್ನೂ ಹತ್ತಿರ ಹೋಗಿ ಫೋಟೋ ಹಿಡಿದರು. ಒಂದು ವಾರದಲ್ಲಿ ಸೂಪರ್‌ವೈಸರುಗಳು ನಮ್ಮನ್ನು ಹೆಸರು ಹಿಡಿದು ಕರೆಯತೊಡಗಿದರು. ಅಲ್ಲಿಯವರೆಗೆ ಅವರಿಗೆ ನಮ್ಮ ಹೆಸರು ಗೊತ್ತಿರಲಿಲ್ಲ. “ಭಾನುವಾರ ಏನೋ ಚಿತ್ರ ಗಿತ್ರ ಮಾಡ್ತೀಯಂತೆ?” ಎಂದು ನಗುತ್ತಲೇ ಕೇಳಿದರು. ಆಮೇಲಿನ ಭಾನುವಾರ ಮೂವತ್ತು ಜನರಲ್ಲಿ ಒಂಬತ್ತು ಜನ ಬಂದರು, ಅದರ ಮುಂದಿನ ಭಾನುವಾರ ನಾಲ್ಕು. ಒಬ್ಬರು ನೊರೆಯ ಚಿತ್ರವನ್ನು ಒಲೆಗೆ ಹಾಕಿದೆ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದರು.

ಇನ್ನು ಅಚ್ಚುಮನೆಗೆ ಬಂದ ನಿಮ್ಮ ಎರಡು ನೋಟಿಸುಗಳ ವಿಚಾರ. ದಯವಿಟ್ಟು ಅವೆರಡನ್ನೂ ಮುಂದಿಟ್ಟುಕೊಂಡು ಓದಿ. ಮೊದಲನೆಯದರಲ್ಲಿ ಹೀಗಿದೆ: ‘ಸದರಿ ಚಿತ್ರದಲ್ಲಿ ಗೋಡೆಯ ಎಡಭಾಗದಲ್ಲಿ ತೋರಿಸಿರುವ ಕೊಳವೆಯು ಸ್ಥಳದಲ್ಲಿ ಇರುವುದಿಲ್ಲ. ಆದ್ದರಿಂದ ಚಿತ್ರವು ಸುಳ್ಳಾಗಿದೆ.’ ಬಹಳ ಸರಿ. ಎಡಭಾಗದಲ್ಲಿ ಕೊಳವೆ ಇಲ್ಲ. ಕಣ್ಣಾರೆ ಕಂಡದ್ದನ್ನು ಸಂಗಣ್ಣ ಇದ್ದ ಹಾಗೇ ಕೆತ್ತಿದ್ದ, ಒತ್ತಿದಾಗ ಅದು ತಿರುವುಮುರುವಾಯಿತು. ಅವನಿಗೆ ಅದು ಗೊತ್ತಿತ್ತು, ತಿದ್ದಲಿಲ್ಲ. ನೊರೆ ಯಾವ ಕಡೆ ಇದ್ದರೂ ನೊರೆಯೇ ಎಂದಿದ್ದ. ಈ ನೋಟಿಸಿಗೆ ನಾವು ಉತ್ತರ ಕೊಡಲಿಲ್ಲ. ಚಿತ್ರ ತಿರುವುಮುರುವಾಗಿದೆ ಎಂದು ನಮ್ಮಲ್ಲಿ ಯಾರೂ ಹೊರಗಿನ ಯಾರಿಗೂ ಹೇಳಲಿಲ್ಲ.

ಎಂಟು ದಿನ ಬಿಟ್ಟು ಎರಡನೆಯ ನೋಟಿಸು ಬಂತು. ಅದರಲ್ಲಿ ‘ಗೋಡೆಯ ಬಲಭಾಗದ ಕೊಳವೆಯ ಬಗ್ಗೆ ಅನಧಿಕೃತವಾಗಿ ಮಾಹಿತಿ ಹಂಚಿರುವ’ ಆರೋಪವಿದೆ. ಮಾನ್ಯರೇ, ಎಂಟು ದಿನದಲ್ಲಿ ಕೊಳವೆ ಎಡದಿಂದ ಬಲಕ್ಕೆ ಹೇಗೆ ಹೋಯಿತು? ಚಿತ್ರದಲ್ಲಿ ಅದು ಎಡಕ್ಕೇ ಇದೆ. ಅಚ್ಚಿನ ಕೆಲಸ ಗೊತ್ತಿಲ್ಲದವರು ಚಿತ್ರವನ್ನು ಹಿಂದುಮುಂದು ಮಾಡಿ ಓದುವುದಿಲ್ಲ. ಕೊಳವೆ ಎಲ್ಲಿದೆ ಎಂದು ಮೊದಲೇ ಗೊತ್ತಿರುವವರು ಮಾತ್ರ ಓದುತ್ತಾರೆ. ನಿಮಗೆ ಓದಿ ಹೇಳಿದವರು ಯಾರು? ಸಂಗಣ್ಣ ಹೋದ ಮೇಲೆ ನಾನು ಮೋರಿಯ ಆ ಬದಿಗೆ ಹೋಗಿದ್ದೆ. ಗೋಡೆಯ ಬಲಗಡೆ ಒಂದು ತಟ್ಟೆಯಗಲ ಹೊಸ ಸಿಮೆಂಟು ಇದೆ. ಮೋರಿಯಲ್ಲಿ ಈಗ ನೊರೆ ಇಲ್ಲ.

ಎರಡನೆಯ ನೋಟಿಸು ಬಂದ ಮೂರನೆಯ ದಿನ, ಮಂಗಳವಾರ, ಅವನಿಗೆ ನಿಮ್ಮ ಕಚೇರಿಯಿಂದ ಫೋನು ಬಂತು. ಅವನ ಹೆಂಡತಿ ಮಲಕವ್ವ ಬೇಡ ಎಂದಳು. ಸಂಗಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಾನು ಕೆತ್ತಿದ ರಬ್ಬರು ಹಾಳೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟ. ನಾನು ಬಸ್ ಸ್ಟಾಪಿನಲ್ಲಿದ್ದೆ.

“ಅದನ್ಯಾಕೆ ತಗೊಂಡು ಹೋಗ್ತೀ ಅಣ್ಣಾ?”

“ಸಾಹೇಬ್ರಿಗೆ ತೋರಸ್ತೀನಿ. ಹೆಂಗ ಕೆತ್ತೀನಿ, ಹೆಂಗ ಉಲ್ಟಾ ಬರ್ತೈತಿ ಅಂತ ಕೈಯಾಗ ಕೊಟ್ಟು ತೋರಸಿದ್ರ ಅವರಿಗೂ ತಿಳೀತೈತಿ. ದೊಡ್ಡ ಮಂದಿ ಅದಾರ, ಓದಿದವ್ರು.”

ನಿಮ್ಮ ಬಗ್ಗೆ ಅವನಿಗಿದ್ದ ಗೌರವ ಇಷ್ಟು. ಇದನ್ನು ನೀವು ತಿಳಿದುಕೊಂಡಿರಬೇಕು ಎಂದೇ ಬರೆದೆ.

ನಿಮ್ಮ ಮುಂದಿನ ಗೇಟಿನ ಎದುರು ಟೀ ಮಾರುವ ನಲ್ಲಪ್ಪನವರು ಅವನಿಗೆ ಅವತ್ತು ಟೀ ಕೊಟ್ಟಿದ್ದಾರೆ. ಮರುದಿನ ನಾನೂ ಮಲಕವ್ವನೂ ಅವರನ್ನು ಕೇಳಿದೆವು. “ಒಳಿಕ್ಕೋಗಿದ್ ನೋಡ್ದೆ ಕಣಮ್ಮ. ಸಾಯಂಕಾಲ ಗಂಟ ಇಲ್ಲೇ ಇದ್ದೆ, ಈಚಿಕ್ ಬಂದಿದ್ ನೋಡ್ಲಿಲ್ಲ. ಒಂದ್ಗಂಟೆ ಸುಮಾರ್ಗೆ ಇಂದ್ಲು ಗೇಟ್ ಕಡೆಯಿಂದ ಒಂದ್ ಬಿಳೇ ಜೀಪ್ ಬಂದು ಈ ರೋಡ್ನಾಗೇ ಓಯ್ತು. ಅದ್ರಾಗ್ ಯಾರಿದ್ರೋ ನಂಗೊತ್ತಿಲ್ಲ. ನನ್ನೆಸ್ರು ಏಳ್ಬ್ಯಾಡ” ಎಂದರು. ಆಮೇಲೆ ಅವರೇ ಯೋಚಿಸಿ, “ಏಳು. ನನ್ ಗಾಡಿ ಎತ್ತಿಸ್ತಾರೆ, ಅಷ್ಟೇ ತಾನೆ” ಎಂದರು. ಅದಕ್ಕೇ ಅವರ ಹೆಸರು ಇಲ್ಲಿದೆ. ಪೊಲೀಸರ ಬಳಿ ಹೋದರೆ, “ಗಂಡ ಹೆಂಡ್ತಿ ಜಗಳ ಆಗಿತ್ತಾ? ಊರ್ಗೋಗಿರ್ತಾನೆ, ಬರ್ತಾನೆ ಬಿಡಮ್ಮ” ಎಂದು ಮಲಕವ್ವನನ್ನು ಎರಡು ಸಲ ವಾಪಸು ಕಳಿಸಿದರು.

ಕೊನೆಗೆ ನಿಮ್ಮ ಕಚೇರಿಯ ಗೇಟಿನ ಕಾವಲುಗಾರರು ಕನಿಕರಪಟ್ಟು ರಿಜಿಸ್ಟರು ತೆರೆದು ತೋರಿಸಿದರು. ಒಂದೇ ಸಾಲಿನಲ್ಲಿ ಎರಡು ಸಹಿ. ಒಳಗೆ ಬಂದದ್ದಕ್ಕೆ, ಹತ್ತೂ ಮುಕ್ಕಾಲಿಗೆ: ‘ಸಂಗಣ್ಣ ಟೋಕನ್ ೪೧೮ ತಂದೆ ಹನುಮಪ್ಪ’. ಪಕ್ಕದ ಚೌಕದೊಳಕ್ಕೂ ಅಕ್ಷರ ನುಗ್ಗಿದೆ. ಹೊರಗೆ ಹೋದದ್ದಕ್ಕೆ, ಹನ್ನೆರಡೂ ಹತ್ತಕ್ಕೆ: ‘ಸಂಗಣ್ಣ’. ಅಷ್ಟೇ. ಗುಂಡಗೆ, ಮುದ್ದಾಗಿ, ಗೆರೆ ದಾಟದೆ.

ನಾನು ಹಾಳೆ ಮಗುಚಿ ಹಿಂಬದಿಯನ್ನು ಬೆರಳಿನಿಂದ ಸವರಿದೆ. ಉಳಿ ಹಿಡಿದ ಕೈ ಪೆನ್ನನ್ನೂ ಒತ್ತಿಯೇ ಹಿಡಿಯುತ್ತದೆ. ಒಳಗೆ ಬಂದ ಸಹಿ ಹಿಂಬದಿಯಲ್ಲಿ ಉಬ್ಬಿ ಬೆರಳಿಗೆ ಸಿಗುತ್ತದೆ, ಕಣ್ಣು ಮುಚ್ಚಿಯೂ ಓದಬಹುದು. ಹೊರಗೆ ಹೋದ ಸಹಿಯ ಹಿಂದೆ ಕಾಗದ ನುಣ್ಣಗಿದೆ. ಒಂದೂವರೆ ಗಂಟೆಯೊಳಗೆ ಅವನ ಕೈ ಅಷ್ಟು ಹಗುರಾಯಿತೇ? ಅವನ ಅಪ್ಪನ ಹೆಸರು ಅವನಿಗೆ ಮರೆತುಹೋಯಿತೇ? ಹಾಜರಿ ಕಳೆದುಕೊಂಡು ಪಾಠ ಕಲಿತವನು ಟೋಕನ್ ನಂಬರು ಬಿಟ್ಟನೇ? ಹಾಗೆ ಬಿಡುವಂಥದ್ದು ನಿಮ್ಮ ಕೋಣೆಯಲ್ಲಿ ಏನಾಯಿತು?

ಮಲಕವ್ವನಿಗೆ ಓದು ಬರುವುದಿಲ್ಲ. ಅವಳ ಬೆರಳನ್ನು ಎರಡೂ ಸಹಿಗಳ ಹಿಂಬದಿಯಲ್ಲಿ ಇಡಿಸಿದೆ. “ಇದು ಅವಂದು” ಎಂದಳು. ಇನ್ನೊಂದರ ಮೇಲೆ ಬೆರಳಾಡಿಸಿದಳು. ಆಮೇಲೆ, “ಇಲ್ಲಿ ಯಾರೂ ಇಲ್ಲಲ್ಲವ್ವಾ” ಎಂದಳು.

ಅದರ ಮರುದಿನವೇ ಅಚ್ಚುಮನೆಗೆ ಬೀಗ ಬಿತ್ತು. ಷೆಡ್ಡನ್ನು ಬೇರೆ ಉದ್ದೇಶಕ್ಕೆ ಬಳಸಿದ್ದಾರಂತೆ. ಪ್ರೆಸ್ಸು, ಉಳಿಗಳು, ನಮ್ಮೆಲ್ಲರ ಅಚ್ಚುಗಳು ಒಳಗಿವೆ. ಶೈಲಜಕ್ಕ ವಕೀಲರ ಹತ್ತಿರ ಓಡಾಡುತ್ತಿದ್ದಾರೆ. ಅದರ ಬಗ್ಗೆ ಜಗಳ ಆಮೇಲೆ ಆಡೋಣ. ಬೀಗ ತೆಗೆಯಿರಿ ಎಂದು ಈ ಪತ್ರದಲ್ಲಿ ನಾನು ಕೇಳುವುದಿಲ್ಲ, ಕೇಳಿದರೆ ನೀವು ಅದೊಂದಕ್ಕೆ ಮಾತ್ರ ಉತ್ತರ ಕೊಟ್ಟು ಕೈ ತೊಳೆದುಕೊಳ್ಳುತ್ತೀರಿ.

ನನ್ನ ಬೇಡಿಕೆ ಒಂದೇ. ಸಂಗಣ್ಣ ಎಲ್ಲಿ ಎಂದು ಹೇಳಿ. ಅದಕ್ಕಾಗಿ ಅವತ್ತಿನ ರಿಜಿಸ್ಟರಿನ ಹಾಳೆಯನ್ನು ಪೊಲೀಸರಿಗೆ ಒಪ್ಪಿಸಿ. ಎರಡೂ ಗೇಟುಗಳ ಕ್ಯಾಮೆರಾದಲ್ಲಿ ಆ ದಿನ ಹತ್ತರಿಂದ ಎರಡರವರೆಗೆ ಏನಿದೆ ಎಂದು ಮಲಕವ್ವನಿಗೆ ತೋರಿಸಿ. ಅವನನ್ನು ಕೂರಿಸಿ ಮಾತಾಡಿಸಿದವರು ಯಾರು, ಆ ಕೋಣೆಯಲ್ಲಿ ನಿಮ್ಮ ಕಚೇರಿಯವರಲ್ಲದೆ ಇನ್ಯಾರಿದ್ದರು ಎಂದು ಬರವಣಿಗೆಯಲ್ಲಿ ಕೊಡಿ. ಕ್ಯಾಮೆರಾ ಅವತ್ತು ಕೆಟ್ಟಿತ್ತು ಎಂದು ಮಾತ್ರ ಹೇಳಬೇಡಿ. ಅದನ್ನು ನಿಮ್ಮ ಗುಮಾಸ್ತರು ಆಗಲೇ ಹೇಳಿದ್ದಾರೆ. ಕೆಟ್ಟದ್ದು ಯಾವ ಕ್ಯಾಮೆರಾ ಎಂದು ಕೇಳಿದ್ದಕ್ಕೆ, ಹಿಂದಿನ ಗೇಟಿನದು ಎಂದರು.

ಬರುವ ಸೋಮವಾರ ಹನ್ನೊಂದು ಗಂಟೆಗೆ ನಾನು ನಿಮ್ಮ ಕೋಣೆಗೆ ಬರುತ್ತೇನೆ. ಮಾತು ಹೊರಡದಿದ್ದರೆ ಈ ಪತ್ರವನ್ನು ನಿಮ್ಮ ಮೇಜಿನ ಮೇಲಿಟ್ಟು ಉತ್ತರ ಸಿಗುವವರೆಗೆ ನಿಂತಿರುತ್ತೇನೆ. ಮುಂದಿನ ಗೇಟಿನಲ್ಲಿ ಶೈಲಜಕ್ಕ ಇರುತ್ತಾರೆ. ಮಲಕವ್ವ ಹಿಂದಿನ ಗೇಟಿನಲ್ಲಿ ನಿಲ್ಲುತ್ತಾಳೆ.

ಇಂತಿ,
ಇದನ್ನು ಬರೆದ ತಪ್ಪಿಗೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎನ್ನಿಸಿಕೊಳ್ಳಲು ತಯಾರಾಗಿರುವ, ಅದಕ್ಕೇ ಟೋಕನ್ ನಂಬರು ಬರೆಯದ
ಸವಿತಾ
ಬೊಮ್ಮಸಂದ್ರ