ನಿಮ್ಮ ಬೂದು ಕೋಟಿನ ಎಡತೋಳು

ವಿದೇಶೀಯರ ವಾಸದ ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕೋಟನ್ನು ನಾನು ಹಾಕಿಕೊಂಡಿದ್ದು ನಿಜ. ಅದು ನನ್ನದೇ ಎಂದು ನಿಮ್ಮ ಮುಖಕ್ಕೇ ಹೇಳಿದ್ದೂ ನಿಜ. ಆದರೆ ಶಿಕ್ಷೆಯಾಗಿರುವುದು ನನ್ನ ಹೆಂಡತಿಗೆ. ನಮ್ಮ ಮದುವೆ ‘ನೈಜವಲ್ಲ’ ಎಂದು ತೀರ್ಮಾನಿಸಿ, ಮೂವತ್ತು ದಿನದೊಳಗೆ ಅವಳು ಈ ದೇಶ ಬಿಡಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಅದರಲ್ಲಿ ಹನ್ನೊಂದು ದಿನ ಆಗಲೇ ಕಳೆದಿವೆ. ಸುಳ್ಳು ಹೇಳಿದ ನಾನು ಇಲ್ಲೇ ಇರಬಹುದಂತೆ, ನಿಜ ಹೇಳಿದ ಅವಳು ಹೋಗಬೇಕಂತೆ. ಇದ್ಯಾವ ಸೀಮೆಯ ನ್ಯಾಯ ಸ್ವಾಮಿ?

ಇದನ್ನು ನಮ್ಮವರ ಸಂಘದ ವಾರಪತ್ರಿಕೆಯಲ್ಲಿ ಎಲ್ಲರೂ ಓದಲೆಂದೇ ಬರೆಯುತ್ತಿದ್ದೇನೆ. ನಿಮ್ಮ ಭಾಷೆಯಲ್ಲಿ ನನಗೆ ಸೊಂಟದ ಅಳತೆ, ತೋಳಿನ ಅಳತೆ, ‘ಗುರುವಾರ ಬನ್ನಿ’ ಎನ್ನುವುದು, ಇಷ್ಟು ಸಲೀಸಾಗಿ ಬರುತ್ತದೆ. ಜಗಳವಾಡುವುದಕ್ಕೂ ತಪ್ಪೊಪ್ಪಿಕೊಳ್ಳುವುದಕ್ಕೂ ನನಗೆ ಕನ್ನಡವೇ ಬೇಕು. ನಿಮ್ಮ ಕಚೇರಿಯಲ್ಲಿ ದುಭಾಷಿಯೊಬ್ಬರಿದ್ದಾರಲ್ಲ, ದಯವಿಟ್ಟು ಅವರಿಂದ ಓದಿಸಿಕೊಳ್ಳಿ.

ನಿಮ್ಮ ಕಚೇರಿಯ ಎದುರು, ಔಷಧಿ ಅಂಗಡಿಯ ಪಕ್ಕದಲ್ಲಿ ಬಟ್ಟೆ ರಿಪೇರಿಯ ಅಂಗಡಿ ಇದೆ. ಅದರ ಹಿಂದಿನ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಹೊಲಿಯುತ್ತಾ ಕೂತವನು ನಾನು. ಗಿರಾಕಿಗಳ ಮುಖ ನನಗೆ ಕಾಣುವುದಿಲ್ಲ. ಕಾಣುವುದು ಬಟ್ಟೆ ಮತ್ತು ಅದಕ್ಕೆ ಚುಚ್ಚಿದ ಚೀಟಿಯ ನಂಬರು ಮಾತ್ರ. ನಲವತ್ತಾರನೇ ವಯಸ್ಸಿನಲ್ಲಿ ಊರಿಗೆ ಹೋಗಿ, ಅಕ್ಕ ನೋಡಿದ ಹೆಣ್ಣನ್ನು ಮದುವೆಯಾಗಿ ಕರೆತಂದೆ. ನಾಲ್ಕು ವರ್ಷ ತಾತ್ಕಾಲಿಕ ಪರವಾನಗಿಯಲ್ಲೇ ಕಳೆಯಿತು. ಈಗ ಕಾಯಂ ಪರವಾನಗಿಗೆ ಅರ್ಜಿ ಹಾಕಿದೆವು. ಮದುವೆ ಪತ್ರ ಕೊಟ್ಟೆವು, ಅದರ ಅನುವಾದ ಕೊಟ್ಟೆವು, ಅನುವಾದಕ್ಕೆ ಮೊಹರು ಹಾಕಿಸಿದೆವು, ಆ ಮೊಹರು ಅಸಲಿ ಎನ್ನುವುದಕ್ಕೆ ಇನ್ನೊಂದು ಮೊಹರು ಹಾಕಿಸಿದೆವು. ಮೊಹರುಗಳಿಗೇ ಇಷ್ಟು ಚೆನ್ನಾಗಿ ಮದುವೆ ಮಾಡಿಸುವ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ನಿಮ್ಮ ಪಟ್ಟಿಯ ಹದಿನೇಳನೇ ಅಂಶಕ್ಕೆ ಬಂದು ನಿಂತೆವು: ಈ ದೇಶಕ್ಕೆ ಬಂದ ಮೇಲೆ ದಂಪತಿ ಒಟ್ಟಿಗೆ ತೆಗೆಸಿಕೊಂಡ, ಬೇರೆ ಬೇರೆ ಕಾಲದ, ಬೇರೆ ಬೇರೆ ಜಾಗದ ಹನ್ನೆರಡು ಫೋಟೊಗಳು.

ನಮ್ಮ ಬಳಿ ಇದ್ದದ್ದು ಒಂದೇ ಫೋಟೊ. ಅವಳು ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ತೆಗೆದದ್ದು, ಅದರಲ್ಲೂ ಅವಳ ಅರ್ಧ ಮುಖ ಸೂಟ್‌ಕೇಸಿನ ಹಿಂದೆ ಮರೆಯಾಗಿದೆ.

ಹೀಗಾಗಿ ನಾನು ತಲೆ ಓಡಿಸಿದೆ. ದರ್ಜಿಯ ತಲೆ ಎಲ್ಲಿಗೆ ಓಡುತ್ತದೆ ಹೇಳಿ? ಸೀದಾ ಬಟ್ಟೆಗೆ. ಅಂಗಡಿಯಲ್ಲಿ ರಿಪೇರಿ ಮುಗಿದು ಗಿರಾಕಿಗಳಿಗಾಗಿ ಕಾಯುತ್ತಿದ್ದ ಬಟ್ಟೆಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಆರಿಸಿ, ಯಜಮಾನರಿಗೂ ಹೇಳದೆ, ಶನಿವಾರ ಮನೆಗೆ ಹೊತ್ತು ತಂದೆ. ಅದರಲ್ಲಿ ಬೂದು ಬಣ್ಣದ ಉಣ್ಣೆ ಕೋಟು ಒಂದು.

“ರೀ, ಇದು ಇನ್ನೊಬ್ಬರ ಬಟ್ಟೆ. ನಮಗೇನು ಬಟ್ಟೆ ಇಲ್ವಾ?” ಅಂದಳು.

“ಇರೋ ನಾಲ್ಕು ಬಟ್ಟೆ ನೋಡಿದ್ರೆ ಎಲ್ಲಾ ಒಂದೇ ದಿನದ್ದು ಅಂತ ಗೊತ್ತಾಗಲ್ವೇನೇ? ಸುಮ್ನಿರು. ಅರ್ಧ ಗಂಟೆ ಅಷ್ಟೆ.”

“ನಾಳೆ ಯಾರಾದ್ರೂ ಕೇಳಿದ್ರೆ?”

“ಯಾರು ಕೇಳ್ತಾರೆ? ಅವರಿಗೇನು ಬೇರೆ ಕೆಲಸ ಇಲ್ವಾ?”

ತಮಗೆ ಬೇರೆ ಕೆಲಸ ಇಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಭಾನುವಾರ ಕೆಳಮನೆಯ ಬಸ್ ಡ್ರೈವರನನ್ನು ಫೋಟೊ ತೆಗೆಯಲು ಕರೆದುಕೊಂಡು ಹೊರಟೆವು. ನದಿಯ ಮೇಲಿನ ಸೇತುವೆ, ಉದ್ಯಾನದ ಬೆಂಚು, ಗ್ರಂಥಾಲಯದ ಮೆಟ್ಟಿಲು. ಒಂದೇ ಮಧ್ಯಾಹ್ನ ನಾಲ್ಕು ವರ್ಷ ಮುಗಿಸಿದೆವು. ಹನ್ನೆರಡು ಫೋಟೊಗಳಲ್ಲೂ ನನ್ನ ಎಡಗೈ ತೋರುಬೆರಳಿಗೆ ಅದೇ ಬಿಳಿ ಪಟ್ಟಿ ಸುತ್ತಿತ್ತು. ಶನಿವಾರ ಕತ್ತರಿ ತಾಗಿ ಗಾಯವಾಗಿತ್ತು. ಬಟ್ಟೆ ಬದಲಾಯಿಸಿದೆ, ಟೋಪಿ ಬದಲಾಯಿಸಿದೆ, ಬೆರಳನ್ನು ಮರೆತೆ. ಇಂಥ ಪೆದ್ದನನ್ನು ವಂಚಕ ಎಂದು ಬರೆದು ತಾವು ವಂಚಕರಿಗೇ ಅವಮಾನ ಮಾಡಿದ್ದೀರಿ.

ಸಂದರ್ಶನದ ದಿನ ನಮ್ಮಿಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದಿರಿ. ತಾವೇ ನನ್ನೆದುರು ಫೋಟೊ ಇಟ್ಟು, ಕೋಟು ಯಾರದೆಂದು ಕೇಳಿದಿರಿ. “ನನ್ನದೇ ಸಾರ್, ತಗೊಂಡು ಎರಡು ವರ್ಷ ಆಯ್ತು” ಅಂದೆ. ದುಭಾಷಿ ಅದನ್ನು ತಮಗೆ ಹೇಳಿದರು. ತಾವು ತಲೆಯಾಡಿಸಿ ಬರೆದುಕೊಂಡಿರಿ. ಬದುಕಿದೆಯಾ ಬಡಜೀವವೇ ಎಂದು ಎದ್ದು ತಿರುಗಿದರೆ ಬಾಗಿಲ ಹಿಂದಿನ ಗೂಟದಲ್ಲಿ ಅದೇ ಕೋಟು ನೇತಾಡುತ್ತಿದೆ! ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಿಮ್ಮ ಸಹಾಯಕರು ಅದೇ ಪ್ರಶ್ನೆ ಕೇಳಿದ್ದಕ್ಕೆ ನನ್ನ ಹೆಂಡತಿ, “ಅದು ಅಂಗಡಿಗೆ ರಿಪೇರಿಗೆ ಬಂದಿದ್ದು. ಹಾಕ್ಕೋಬೇಡಿ ಅಂದೆ, ಕೇಳಲಿಲ್ಲ” ಎಂದಿದ್ದಳು. ಆಮೇಲೆ ಬಸ್ಸಿನಲ್ಲಿ ನನಗೆ ಹೇಳಿದಳು.

‘ದಂಪತಿಯ ಉತ್ತರಗಳು ಪರಸ್ಪರ ಹೊಂದುವುದಿಲ್ಲ’ ಎಂದು ಆದೇಶದಲ್ಲಿ ಬರೆದಿದ್ದೀರಿ. ಮಾನ್ಯರೇ, ತಮಗೆ ಮದುವೆಯಾಗಿದೆಯೇ? ‘ಬೇಡ ಅಂದೆ, ಕೇಳಲಿಲ್ಲ’ ಎಂದು ಬೇಸತ್ತು ಹೇಳುವವಳು ಹೆಂಡತಿಯಲ್ಲದೆ ಇನ್ಯಾರು? ಗಂಡ ಹೆಂಡತಿ ಇಬ್ಬರೂ ಒಂದೇ ಉತ್ತರವನ್ನು ಬಾಯಿಪಾಠ ಒಪ್ಪಿಸಿದ್ದರೆ ತಾವು ಅನುಮಾನಪಡಬೇಕಿತ್ತು.

ವಾದ ಸಾಕು. ನನ್ನನ್ನು ಕೊರೆಯುತ್ತಿರುವ ಸಂಗತಿ ಬೇರೆಯೇ ಇದೆ, ಅದನ್ನು ಹೇಳದಿದ್ದರೆ ಈ ಪತ್ರವೂ ಹದಿಮೂರನೇ ಫೋಟೊ ಆಗುತ್ತದೆ. ಆ ಸೇತುವೆ ನಮ್ಮ ಮನೆಯಿಂದ ನಾಲ್ಕನೇ ಬಸ್ ನಿಲ್ದಾಣ. ಬಂದ ಮೊದಲ ತಿಂಗಳೇ ಅವಳು, “ಒಂದಿನ ನದಿ ಹತ್ರ ಹೋಗೋಣ್ವಾ?” ಎಂದು ಕೇಳಿದ್ದಳು. ಮುಂದಿನ ವಾರ ಅಂದೆ. ಭಾನುವಾರ ಬಂದರೆ ಮನೆಗೂ ಹೊಲಿಗೆ ತಂದಿರುತ್ತಿದ್ದೆ, ಇಲ್ಲವೇ ಮಲಗಿಬಿಡುತ್ತಿದ್ದೆ. ನಾಲ್ಕು ವರ್ಷದಲ್ಲಿ ಅವಳು ಮೊದಲ ಸಲ ಆ ಸೇತುವೆ ಹತ್ತಿದ್ದು ನಿಮ್ಮ ಹದಿನೇಳನೇ ಅಂಶಕ್ಕಾಗಿ. ಕಟಕಟೆ ಹಿಡಿದು ನೀರು ನೋಡುತ್ತಾ, “ಇಷ್ಟು ಹತ್ರ ಇತ್ತಾ?” ಅಂದಳು. ನಾನು ಆಗ ಕೋಟಿನ ಕಾಲರು ಸರಿಮಾಡಿಕೊಳ್ಳುತ್ತಿದ್ದೆ. ತಾವು ಕೇಳಿದ ಹನ್ನೆರಡು ಫೋಟೊಗಳು ನಿಜವಾಗಿಯೂ ನಮ್ಮಲ್ಲಿ ಇರಬೇಕಿತ್ತು. ಇಲ್ಲದಿರುವುದು ನನ್ನ ತಪ್ಪು, ಅವಳದಲ್ಲ.

ಆದೇಶ ಬಂದ ದಿನದಿಂದ ಅವಳು ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನನ್ನ ಅಂಗಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಸಡಿಲವಾದ ಗುಂಡಿಗಳನ್ನು ಒಂದೊಂದಾಗಿ ಬಿಗಿಯುತ್ತಿದ್ದಾಳೆ. “ಹೆಸರಿಗೆ ದರ್ಜಿ ನೀವು. ನಾನು ಹೋದ್ಮೇಲೆ ಗುಂಡಿ ಇಲ್ದೆ ಓಡಾಡ್ತೀರ” ಅನ್ನುತ್ತಾಳೆ. ಹಾಗನ್ನುವಾಗ ನನಗೆ ಅವಳ ಮುಖ ನೋಡಲಾಗುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಅವಳ ಮೇಲಿನ ಆದೇಶವನ್ನು ರದ್ದು ಮಾಡಿ. ಸುಳ್ಳು ಹೇಳಿದ್ದಕ್ಕೆ ನನ್ನ ಪರವಾನಗಿಯ ಮೇಲೆ ಏನು ಬರೆಯಬೇಕೋ ಬರೆಯಿರಿ, ನಾನು ಸಹಿ ಹಾಕುತ್ತೇನೆ. ಯಜಮಾನರಿಗೂ ಎಲ್ಲ ಹೇಳಿಬಿಟ್ಟಿದ್ದೇನೆ, ಅವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಆದೇಶ ರದ್ದಾದ ಮೇಲೆ ತಾವು ನಮ್ಮಿಬ್ಬರನ್ನೂ ಒಂದೇ ಕೋಣೆಗೆ ಕರೆಸಿ ಮತ್ತೆ ವಿಚಾರಿಸಿ.

ಪುರಾವೆ ಬೇಕೆನ್ನುವಿರಾ? ಅದು ತಮ್ಮ ಬಾಗಿಲ ಹಿಂದೆಯೇ ಇದೆ. ಆ ಶನಿವಾರ ನಾನು ಹೊಲಿಯುತ್ತಿದ್ದದ್ದು ತಮ್ಮ ಕೋಟಿನ ಎಡತೋಳಿನ ಲೈನಿಂಗನ್ನು. ಅರ್ಧಕ್ಕೆ ಬಂದಾಗ ಬೆರಳಿಗೆ ಕತ್ತರಿ ತಾಗಿತು. ಊಟ ತಂದಿದ್ದ ನನ್ನ ಹೆಂಡತಿ ಮೊದಲು ನನ್ನ ಬೆರಳಿಗೆ ಪಟ್ಟಿ ಕಟ್ಟಿದಳು. ಆಮೇಲೆ, “ಸೋಮವಾರ ಕೊಡ್ಬೇಕಲ್ವಾ, ಈಕಡೆ ಕೊಡಿ” ಎಂದು ಸೂಜಿ ಕಿತ್ತುಕೊಂಡಳು. ತೋಳಿನ ಒಳಮಗ್ಗುಲನ್ನು ಹೊರಕ್ಕೆ ತಿರುಗಿಸಿ, ಬೆಳಕಿಗೆ ಹಿಡಿಯಿರಿ. ನಾನು ಬಲಗೈಯವನು, ಅವಳು ಎಡಗೈಯವಳು. ಅರ್ಧದವರೆಗೆ ಹೊಲಿಗೆ ಒಂದು ಕಡೆಗೆ ವಾಲಿರುತ್ತದೆ, ಅಲ್ಲಿಂದ ಮುಂದೆ ಇನ್ನೊಂದು ಕಡೆಗೆ. ನಡುವೆ ದಾರ ತುಂಡಾಗಿಲ್ಲ. ಪರವಾನಗಿ ಇಲ್ಲದೆ ಕೆಲಸ ಮಾಡಿದಳೆಂದು ಅದಕ್ಕೂ ಶಿಕ್ಷೆ ಇದೆಯಾದರೆ, ಅದನ್ನೂ ನನಗೇ ಕೊಡಿ.

ಇನ್ನು ಹತ್ತೊಂಬತ್ತು ದಿನ ಉಳಿದಿವೆ. ಅದರಲ್ಲಿ ಭಾನುವಾರಗಳು ಎರಡೇ. ಎರಡು ದಿನವೂ ನಾವು ಸೇತುವೆಯ ಮೇಲೆ ಇರುತ್ತೇವೆ, ನಮ್ಮ ಬಟ್ಟೆಯಲ್ಲೇ.

ಇಂತಿ,
ತಮ್ಮ ಕೋಟನ್ನು ಅರ್ಧ ಗಂಟೆ ತೊಟ್ಟು, ಹೆಂಡತಿಯ ಭಾನುವಾರಗಳನ್ನು ನಾಲ್ಕು ವರ್ಷ ಮುಂದೂಡಿದ,
ಎದುರು ಅಂಗಡಿಯ ಹಿಂದಿನ ಕೋಣೆಯ ದರ್ಜಿ