ಷರಟಿನ ಗುಂಡಿಯಷ್ಟು ಬಿಳಿ

12 ನವೆಂಬರ್ 2024, ಮಂಗಳವಾರ. ಬೆಳಿಗ್ಗೆ 11

ಶಟರ್ ಎತ್ತಿದ್ದು ಒಂಬತ್ತೂವರೆಗೆ. ಎರಡು ಸೆಲ್, ಒಂದು ಸ್ಟ್ರಾಪ್. ಆಮೇಲೆ ಒಂದು ಲೇಡೀಸ್ ವಾಚಿನ ಸ್ಕ್ರೂ ಚಿಮಟದಿಂದ ಹಾರಿತು. ಮೇಜಿನ ಮೇಲಿದ್ದಾಗ ಆನೆಯಷ್ಟು ಕಾಣುತ್ತದೆ. ನೆಲಕ್ಕೆ ಬಿದ್ದರೆ ಇಲ್ಲವೇ ಇಲ್ಲ. ಎಂದಿನಂತೆ ನೆಲ ಗುಡಿಸಿ, ಧೂಳನ್ನು ಬಿಳಿ ಕಾಗದಕ್ಕೆ ಸುರಿದು ಹುಡುಕುತ್ತಿದ್ದೆ. ಪೋಸ್ಟ್‌ಮ್ಯಾನ್ ಬಂದ. ರಿಜಿಸ್ಟರ್ಡ್.

ಅಪೀಲು ಗೆದ್ದಿದ್ದೇನೆ.

ನಿಂತೇ ಓದಿದೆ. ‘ಅರ್ಜಿದಾರರಾದ ಝುಬೇರ್ ಅಹ್ಮದ್ ಬಿನ್ ದಸ್ತಗೀರ್ ಸಾಬ್, 41 ವರ್ಷ, ವಾಚ್ ರಿಪೇರಿ, ಬಟವಾಡಿ, ತುಮಕೂರು, ಇವರ ದೃಷ್ಟಿದೋಷವು ಶೇಕಡ 80 ಎಂದು...’ ಮತ್ತೊಮ್ಮೆ ಓದಿದೆ. ಎಂಬತ್ತೇ.

ಮೊದಲ ಮೆಡಿಕಲ್ ಬೋರ್ಡು ಕೊಟ್ಟದ್ದು ಶೇಕಡ ಹತ್ತು. ನಲವತ್ತಿಲ್ಲದಿದ್ದರೆ ಪಿಂಚಣಿ ಇಲ್ಲ, ಬಸ್ ಪಾಸ್ ಇಲ್ಲ. ಅಂದು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಯ ಸಾಲಿನ ತನಕ ಓದಿದೆ — ಜಂಬದಿಂದ. ಕೆಲಸ ಏನೆಂದರು. ವಾಚ್ ರಿಪೇರಿ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ಎದ್ದು ಹೊರಡುವಾಗ ಕಾಲಡಿಯ ಕಸದ ಬುಟ್ಟಿಯನ್ನು ಒದ್ದು ಬೀಳಿಸಿದೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಆ ಬುಟ್ಟಿಯ ಕತೆ ಕೇಳಿಯೇ ಅಂಗವಿಕಲರ ಸಹಾಯ ಕೇಂದ್ರದ ಪ್ರಮೀಳಾ ಮೇಡಂ ಅಪೀಲು ಹಾಕಿಸಿದ್ದು. ಒಂದೂವರೆ ವರ್ಷವಾಯಿತು.

ಸ್ಕ್ರೂ ಸಿಕ್ಕಿತು. ಕೂರಿಸದೆ ಡಬ್ಬಿಗೆ ಹಾಕಿಟ್ಟು, ಮತ್ತೆ ಕಾಗದ ತೆಗೆದೆ.

13 ನವೆಂಬರ್, ಬುಧವಾರ

ಆದೇಶದ ಹಿಂದೆ ಕಣ್ಣಿನ ಟೆಸ್ಟಿನ ಪ್ರಿಂಟ್ ಇದೆ. ಕಾಗದದ ತುಂಬ ಕಪ್ಪು. ನಡುವೆ ಷರಟಿನ ಗುಂಡಿಯಷ್ಟು ಬಿಳಿ. ಆ ಗುಂಡಿಯಲ್ಲಿ ನನ್ನ ಅಂಗಡಿ, ಮನೆ, ಸಾದಿಯಾಳ ಮುಖ, ಎಲ್ಲವೂ ಇದೆ.

ಅಕ್ಷತಾ ಎಂಬ ಹುಡುಗಿ ಟೆಸ್ಟ್ ಮಾಡಿದ್ದು. ಡಬ್ಬಿಯಂಥ ಮಿಷನ್ನಿನಲ್ಲಿ ಗದ್ದ ಇಡಿಸಿ, ಕೈಗೆ ಒಂದು ಬಟನ್ ಕೊಟ್ಟಳು. ಎದುರಿನ ಚುಕ್ಕೆಯನ್ನೇ ನೋಡಬೇಕು, ಎಲ್ಲಿ ಬೆಳಕು ಮಿನುಗಿದರೂ ಒತ್ತಬೇಕು. ನಾಲ್ಕೈದು ಸಲ ಒತ್ತಿದೆ. ಆಮೇಲೆ ಏನೂ ಇಲ್ಲ. ಕಾದೆ. ಕರೆಂಟ್ ಹೋಯಿತೇನೋ ಎಂದುಕೊಂಡೆ. ಕಡೆಗೆ ಕೇಳಿಯೇ ಬಿಟ್ಟೆ.

“ಮೇಡಂ, ಮಿಷನ್ ನಿಂತಂಗಿದೆ. ನಾನು ಬೇಕಾದ್ರೆ ಬಿಚ್ಚಿ ನೋಡ್ಲಾ?”

“ಮಿಷನ್ ಓಡ್ತಾ ಇದೆ ಸರ್,” ಎಂದಳು, ಮೆಲ್ಲಗೆ. “ಲೈಟ್ ಬರ್ತಾನೇ ಇದೆ.”

ರಿಪೇರಿಯವನ ಬುದ್ಧಿ — ಏನೇ ನಿಂತರೂ ಎದುರಿನದೇ ಕೆಟ್ಟಿದೆ ಎನ್ನುವುದು. ಕಣ್ಣಿನ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುವ ಕಾಯಿಲೆಯಂತೆ ಇದು. ನಡುವಿನದು ಮಾತ್ರ ಉಳಿದಿದೆ. ವಾಚಿಗೆ ಅಷ್ಟು ಸಾಕು. ಬುಟ್ಟಿಗೆ ಸಾಲದು.

ಕೊನೆಯ ಪುಟದ ಕೊನೆಯ ಸಾಲು ಈಗ ಓದಿದೆ. ‘ಇದು ವಂಶಪಾರಂಪರ್ಯವಾಗಿ ಬರುವ ಸಾಧ್ಯತೆ ಇದ್ದು, ರಕ್ತಸಂಬಂಧದಲ್ಲಿ ವಿವಾಹವಾಗಿರುವುದರಿಂದ ಅರ್ಜಿದಾರರ ಮಕ್ಕಳನ್ನೂ ತಪಾಸಣೆಗೆ ಒಳಪಡಿಸುವುದು.’

ಸಾದಿಯಾ ನನ್ನ ಸ್ವಂತ ಮಾಮನ ಮಗಳು. ಮಕ್ಕಳು ಎಂದರೆ ಫಿಜಾ ಒಬ್ಬಳೇ. ಹತ್ತು ವರ್ಷ.

ಆ ಪುಟ ಬೇರೆ ಮಾಡಿ ಬೀರುವಿನಲ್ಲಿ ಅಬ್ಬಾರ ಹಳೇ ರಸೀದಿಗಳ ಕೆಳಗೆ ಇಟ್ಟೆ. ಉಳಿದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಸಾದಿಯಾ ಸಿಹಿ ಮಾಡಿದಳು.

21 ನವೆಂಬರ್, ಗುರುವಾರ

ಪ್ರಮೀಳಾ ಮೇಡಂ ಬಿಳಿ ಕೋಲು ಕೊಟ್ಟರು. ಮಡಚುವಂಥದ್ದು. “ನಾಚ್ಕೋಬೇಡಿ ಝುಬೇರ್. ಕೋಲು ನಿಮಗೆ ದಾರಿ ತೋರ್ಸೋಕಲ್ಲ, ನಿಮ್ಮನ್ನ ಬೇರೆಯವ್ರಿಗೆ ತೋರ್ಸೋಕೆ,” ಎಂದರು.

ಬಟವಾಡಿಯಲ್ಲಿ ರೋಡ್ ದಾಟಲು ದಿನವೂ ಹತ್ತು ನಿಮಿಷ ನಿಲ್ಲುತ್ತೇನೆ. ಯಾರಾದರೂ ಹೊರಟರೆ ಅವರ ಬೆನ್ನು ಹಿಡಿದು ಹೊರಡುವುದು. ಎಷ್ಟು ಆಟೋದವರು ‘ಕಣ್ ಕಾಣಲ್ವೇನಯ್ಯಾ’ ಎಂದು ಬೈದಿಲ್ಲ. ಬೈಸಿಕೊಂಡದ್ದೇ ಈಗ ಅಂಗವಿಕಲರ ಕಾರ್ಡಿನಲ್ಲಿ ಅಚ್ಚಾಗುತ್ತದೆ. ಇವತ್ತು ಕೋಲು ಬಿಚ್ಚಿ ಒಂದು ಹೆಜ್ಜೆ ಇಟ್ಟೆ. ಬ್ರೇಕ್ ಶಬ್ದ. ಇನ್ನೊಂದು ಬ್ರೇಕ್. ಸಿಟಿ ಬಸ್ಸು ಉಸ್ಸೆಂದು ನಿಂತಿತು. ನನಗಾಗಿ ಇಷ್ಟು ದೊಡ್ಡ ರಸ್ತೆ ನಿಂತಿತ್ತು. ಆ ಕಡೆ ತಲುಪಿ ಟೀ ಅಂಗಡಿಯ ಕಂಬ ಹಿಡಿದುಕೊಂಡೆ.

ಇಪ್ಪತ್ತು ವರ್ಷದಿಂದ ಹೊತ್ತು ಮುಳುಗುವಾಗಿನ ಮಗ್ರಿಬ್ ನಮಾಜಿಗೆ ಅರ್ಧ ಗಂಟೆ ಮೊದಲೇ ಶಟರ್ ಎಳೆಯುತ್ತೇನೆ. ಅಂಗಡಿ ಬೀದಿಯವರೆಲ್ಲ ಬಹಳ ದೀನ್‌ದಾರ್ ಮನುಷ್ಯ ಎನ್ನುತ್ತಾರೆ. ಕತ್ತಲಾದರೆ ದಾರಿಯೇ ಕಾಣುವುದಿಲ್ಲ ಎಂದು ಅಲ್ಲಾಹನಿಗೆ ಮಾತ್ರ ಗೊತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ. ಈಗ ಕೋಲು ಹೇಳಿಬಿಟ್ಟಿದೆ.

ಫಿಜಾಳ ಪುಟ ಬೀರುವಿನಲ್ಲೇ ಇದೆ.

3 ಡಿಸೆಂಬರ್, ಮಂಗಳವಾರ

ಲಕ್ಷ್ಮೀನರಸಿಂಹಯ್ಯನವರು ಬಂದಿದ್ದರು. ವಾಚ್ ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದವರು. ಅಬ್ಬಾರ ಕಾಲದಿಂದ ಅವರ ಎಚ್‌ಎಂಟಿ ನಮ್ಮಲ್ಲೇ ಬಿಚ್ಚುವುದು. ಕೂರುತ್ತಲೇ ಶುರು ಮಾಡಿದರು.

“ಏನಯ್ಯಾ ಝುಬೇರೂ, ಪೇಪರ್ ಓದ್ತೀಯ, ಕೂದಲಂಥ ಸ್ಪ್ರಿಂಗ್ ಕೂರಿಸ್ತೀಯ, ಎಂಬತ್ ಪರ್ಸೆಂಟ್ ಕಣ್ಣಿಲ್ಲ ಅಂತ ಕಾರ್ಡ್ ಬೇರೆ. ಯಾರ್ ಕೈ ಬೆಚ್ಚಗೆ ಮಾಡ್ದೆ ಹೇಳು?”

ಸಿಟ್ಟು ಬಂತು. ನಿಜ ಬರೆಯುತ್ತೇನೆ — ಅವರ ವಾಚನ್ನು ಚರಂಡಿಗೆ ಎಸೆಯುವಷ್ಟು. ಎಸೆಯಲಿಲ್ಲ. ಅವರ ಕೈಯಲ್ಲಿದ್ದ ಪೇಪರ್ ತೆಗೆದುಕೊಂಡು ಎರಡು ಕೊಳವೆ ಸುತ್ತಿದೆ. ಎರಡು ಕಣ್ಣಿಗೂ ಹಿಡಿದುಕೊಳ್ಳಿ, ಕೆಳಗಿಳಿದು ಆ ಟೀ ಅಂಗಡಿಯ ತನಕ ಹೋಗಿ ಬನ್ನಿ ಸಾರ್ ಎಂದೆ.

“ಇದೊಳ್ಳೆ ಕತೆ,” ಎಂದು ಎದ್ದರು. ಟೀ ಅಂಗಡಿಯ ಬೋರ್ಡನ್ನು ಜೋರಾಗಿ ಓದಿದರು. ಎರಡನೇ ಹೆಜ್ಜೆಗೆ ಮೆಟ್ಟಿಲು ತಪ್ಪಿ ಶಟರಿನ ಕಂಬ ತಬ್ಬಿಕೊಂಡರು.

“ಹಿಂಗಾ?”

“ಹಿಂಗೇ ಸಾರ್.”

“ಎಷ್ಟ್ ವರ್ಷದಿಂದ?”

ನನಗೂ ಗೊತ್ತಿಲ್ಲ ಎಂದೆ. ಎಲ್ಲರಿಗೂ ಹೀಗೇ ಎಂದುಕೊಂಡಿದ್ದೆನಲ್ಲ. ಅವರು ವಾಚು ಬಿಟ್ಟು ಹೋದರು. ಸಂಜೆ ಮೊಮ್ಮಗಳ ಗಡಿಯಾರವನ್ನೂ ತಂದುಕೊಟ್ಟರು.

8 ಡಿಸೆಂಬರ್, ಭಾನುವಾರ. ಮಧ್ಯಾಹ್ನ

ಫಿಜಾಳನ್ನು ಎದುರಿಗೆ ಕೂರಿಸಿಕೊಂಡೆ. ಆಟ ಎಂದೆ. ನನ್ನ ಮೂಗನ್ನೇ ನೋಡಬೇಕು, ಕಣ್ಣು ಅಲ್ಲಾಡಿಸಬಾರದು, ಏನೇನು ಕಾಣುತ್ತದೆ ಹೇಳಬೇಕು.

“ಅಬ್ಬಾ ಮೂಗು. ಮೂಗಲ್ಲಿ ಕೂದಲು.”

“ಆಮೇಲೆ?”

“ಕ್ಯಾಲೆಂಡರ್. ಫ್ಯಾನ್. ಕಿಟಕಿ, ಕಿಟಕಿ ಆಚೆ ಒಣಗಾಕಿರೋ ಬಟ್ಟೆ. ಈ ಕಡೆ ಗ್ಯಾಸ್ ಸಿಲಿಂಡರ್. ಅಮ್ಮಿ ಕಾಲು. ಅಮ್ಮಿ ಈರುಳ್ಳಿ ಬಿಡಿಸ್ತಾ ಇದಾರೆ. ಕೆಳಗೆ ನನ್ ಕೈ. ನಿಮ್ ಕೈ...”

ಕಣ್ಣು ಅಲ್ಲಾಡಿಸಲೇ ಇಲ್ಲ. ಅದನ್ನು ನಾನು ನೋಡುತ್ತಲೇ ಇದ್ದೆ. ಅಷ್ಟು ನೋಡಲು ನನ್ನ ಗುಂಡಿ ಸಾಕು. ಫ್ಯಾನೂ ಕಾಲೂ ಒಟ್ಟಿಗೇ. ಮೇಲೂ ಕೆಳಗೂ ಒಂದೇ ಸಲ, ಹುಡುಕದೆ, ತಾನಾಗಿಯೇ ಬಂದು ಕೂರುತ್ತದೆ. ಜನ ಹೀಗೆ ಬದುಕುತ್ತಿದ್ದಾರೆ. ಇಷ್ಟು ದೊಡ್ಡದರೊಳಗೆ ಕೂತು ಈರುಳ್ಳಿ ಬಿಡಿಸುತ್ತಾರೆ, ಜಗಳ ಆಡುತ್ತಾರೆ, ಬೇಜಾರು ಎನ್ನುತ್ತಾರೆ. ಎದ್ದು ಹೋಗಿ ಮುಖ ತೊಳೆದುಕೊಂಡೆ. ಸುಬ್‌ಹಾನಲ್ಲಾಹ್, ಅಲ್ಲಾಹನ ಮಹಿಮೆ ಎನ್ನುವುದನ್ನು ಇಷ್ಟು ದಿನ ಬರೀ ಬಾಯಲ್ಲಿ ಹೇಳುತ್ತಿದ್ದೆ.

9 ಡಿಸೆಂಬರ್

ನಿನ್ನೆ ಸಂಜೆ ಲೈಟ್ ಹಾಕುವ ಮುಂಚೆ ಇನ್ನೊಮ್ಮೆ ಆಡಿಸಿದೆ. ಆಡಿಸಬಾರದಿತ್ತು. ಮೂಗು, ಕಿಟಕಿ, ಅಮ್ಮಿ. ಅಷ್ಟೇ ಹೇಳಿದಳು. “ಸಾಕು ಅಬ್ಬಾ, ಕಾಣ್ತಿಲ್ಲ” ಎಂದು ಎದ್ದು ಓಡಿದಳು, ಹೊಸಿಲಲ್ಲಿ ಎಡವಿದಳು. “ಥೇಟ್ ಅವಳಪ್ಪ” ಎಂದು ಸಾದಿಯಾ ನಕ್ಕಳು.

ಮುಸ್ಸಂಜೆಯಲ್ಲಿ ಎಲ್ಲರಿಗೂ ಕಡಿಮೆಯೇ ಕಾಣುವುದು. ಮಕ್ಕಳು ಎಡವುತ್ತವೆ. ಇದನ್ನೇ ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಿದ್ದೇನೆ...

22 ಡಿಸೆಂಬರ್, ಭಾನುವಾರ

ಕುಣಿಗಲ್‌ನಿಂದ ಈಗ ಬಂದೆವು. ಸಾದಿಯಾಳ ತವರಿಗೆ ಹೋಗಿದ್ದೆವು. ಪಾಸು ಬಂದ ಮೇಲೆ ಮೊದಲ ಪ್ರಯಾಣ. ಹೆಂಗಸರಿಗೆ ಹೇಗೂ ಟಿಕೆಟ್ ಇಲ್ಲ. ಕಂಡಕ್ಟರ್ ಮೂವರನ್ನೂ ನೋಡಿ, “ಮನೆಮಂದಿಯೆಲ್ಲ ಫ್ರೀನಾ? ಪುಣ್ಯವಂತ್ರು ಬುಡಿ,” ಎಂದ. ಸಾದಿಯಾ ನಕ್ಕಳು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಫಿಜಾ ಅವಳ ತೊಡೆಯ ಮೇಲೆ ಮಲಗಿದ್ದಳು. ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದ ಪುಟವನ್ನು ಕೊಟ್ಟೆ. ಇಷ್ಟು ದಿನ ಬೀರುವಿನಲ್ಲಿತ್ತು ಎಂದೆ.

ಎರಡು ಸಲ ಓದಿದಳು. ಮೇಲಿನ ತಾರೀಖು ನೋಡಿದಳು.

“ಒಂದೂವರೆ ವರ್ಷ ನಿಮ್ ಕಣ್ಣಿಗೋಸ್ಕರ ಆಫೀಸ್ ಆಫೀಸ್ ಸುತ್ತಿದ್ರಿ. ಇವ್ಳ ಕಣ್ಣಿನ ಕಾಗ್ದನ ನಲ್ವತ್ ದಿನ ಬೀರುನಲ್ಲಿ ಮಲಗಿಸಿದ್ರಿ.”

ಹೆದರಿಕೆಯಾಯಿತು ಎಂದೆ.

“ಹೆದರ್ಕೆ ನಿಮ್ಗೊಬ್ರಿಗೇನಾ?”

ತುಮಕೂರು ಬರುವ ತನಕ ಅವಳು ಅಳುತ್ತಿದ್ದಳೋ ಏನೋ. ಪಕ್ಕದಲ್ಲೇ ಕೂತಿದ್ದಳು, ಆದರೆ ಪಕ್ಕದಲ್ಲಿರುವುದು ನನಗೆ ಕಾಣುವುದಿಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

24 ಡಿಸೆಂಬರ್

ಸಾದಿಯಾ ಆ ಪುಟವನ್ನು ನನ್ನ ಅಮ್ಮಿಗೆ ಓದಿ ಹೇಳಿದ್ದಾಳೆ. ಅಮ್ಮಿ ತಸ್ಬಿ ಮಣಿಸರವನ್ನು ಕೆಳಗಿಟ್ಟರು. ಆಮೇಲೆ, “ಹಂಗಾದ್ರೆ ಪ್ಯಾರು?” ಎಂದರು.

ಪ್ಯಾರೇಜಾನ್ ಎಂದರೆ ಅಬ್ಬಾರ ತಮ್ಮ, ಕಡಬದಲ್ಲಿ ಹಾಸಿಗೆ ಹೊಲಿಯುತ್ತಿದ್ದ ಚಾಚಾ. ನಾನು ಹುಟ್ಟುವ ಮುಂಚೆ, ಒಂದು ಸಂಜೆ ಕೆರೆ ಏರಿಯಿಂದ ಬಿದ್ದು ತೀರಿಕೊಂಡರು. ಕುಡಿದು ಬಿದ್ದ ಎಂದರು. ಮನೆಯಲ್ಲಿ ಅವರ ಹೆಸರು ಎತ್ತುತ್ತಿರಲಿಲ್ಲ. ಮಯ್ಯತ್ತಿನ ನಮಾಜಿಗೆ ಕೂಡ ಅಬ್ಬಾ ಹಿಂದಿನ ಸಾಲಿನಲ್ಲಿ ನಿಂತಿದ್ದರಂತೆ, ಸ್ವಂತ ಅಣ್ಣನಾಗಿದ್ದೂ.

27 ಡಿಸೆಂಬರ್, ಶುಕ್ರವಾರ

ಗುಬ್ಬಿಯಲ್ಲಿ ಬಸ್ ಬದಲಿಸಿ ಕಡಬಕ್ಕೆ ಹೋದೆ. ಒಬ್ಬನೇ, ಕೋಲು ಹಿಡಿದು. ಚಾಚಾನ ಮನೆ ಪಕ್ಕದ ಬೀರಯ್ಯ ಇನ್ನೂ ಇದ್ದಾರೆ, ಎಂಬತ್ತು ದಾಟಿದೆ. ಹೆಸರು ಹೇಳಿದ್ದೇ ತಡ, ಜಗುಲಿಯಿಂದ ಇಳಿದು ಬಂದರು.

“ಕುಡ್ದೋನಾ? ಯಾವನ್ಲಾ ಅಂದೋನು? ಹಗಲೊತ್ತು ಸೂಜಿಗೆ ಒಂದೇ ಏಟ್ಗೆ ದಾರ ಪೋಣಿಸೋನು. ಹೊತ್ತು ಮುಳುಗಿದ್ರೆ ನನ್ ಹೆಗಲ ಮೇಲ್ ಕೈಯಿಕ್ಕೋನು. ಅವತ್ತು ನಾನ್ ನೆಂಟ್ರ ಮನೇಗ್ ಹೋಗಿದ್ದೆ ಕಣಪ್ಪ. ನಾನಿದ್ದಿದ್ರೆ...”

ಅಷ್ಟು ಹೇಳಿ ನನ್ನ ಮುಖ ನೋಡಿದರು. ನನ್ನ ಕೈಯೆತ್ತಿ ತಮ್ಮ ಹೆಗಲ ಮೇಲೆ ಇಟ್ಟುಕೊಂಡರು. ಹಗಲೇ ಇತ್ತು, ಬೇಕಿರಲಿಲ್ಲ. ಹಾಗೇ ಖಬರಸ್ತಾನದ ತನಕ ನಡೆದೆವು.

ಫಾತಿಹಾ ಓದಿದೆ. ಹೊಸ ಕಾರ್ಡು ತೆಗೆದು ಸ್ವಲ್ಪ ಹೊತ್ತು ಚಾಚಾನ ಗೋರಿಯ ಮೇಲೆ ಇಟ್ಟೆ. ನನಗೆ ಅಪೀಲು ಇತ್ತು. ಅವರಿಗೆ ಬೀರಯ್ಯ ಒಬ್ಬರೇ. ನಲವತ್ತೈದು ವರ್ಷದಿಂದ ಒಂಟಿಯಾಗಿ ಸಾಕ್ಷಿ ಹೇಳುತ್ತಾ ಬಂದಿದ್ದಾರೆ, ಕೇಳುವವರು ಇಲ್ಲದೆ.

ಬಂದು ಸಾದಿಯಾಗೆ ಎಲ್ಲ ಹೇಳಿದೆ. “ಆರನೇ ತಾರೀಖಿಗೆ ಕಣ್ಣಾಸ್ಪತ್ರೆ ಟೋಕನ್ ತಗೊಂಡಿದೀನಿ. ಮೂರೂ ಜನ ಹೋಗೋಣ,” ಎಂದಳು.

6 ಜನವರಿ 2025, ಸೋಮವಾರ. ಬೆಳಿಗ್ಗೆ 10.40

ಅಂಗಡಿ ತೆಗೆದಿಲ್ಲ. ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ. ಪರದೆಯ ಆಚೆ ಅದೇ ಮಿಷನ್, ಅದೇ ಅಕ್ಷತಾ. ಫಿಜಾಳ ಎಡಗಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಸಾದಿಯಾ ನನ್ನ ಪಕ್ಕದಲ್ಲಿದ್ದಾಳೆ; ಅವಳ ಕೈ ನನ್ನ ಮಣಿಕಟ್ಟಿನ ಮೇಲಿದೆ. ಫಿಜಾಳ ಬಿಳಿ ಗುಂಡಿ ಎಷ್ಟೇ ಚಿಕ್ಕದಾಗಿ ಬಂದರೂ ಬರಲಿ, ಬಚ್ಚಿಡುವುದು ಇನ್ನಿಲ್ಲ ಎಂದು ಬೆಳಿಗ್ಗೆಯೇ ಅವಳಿಗೆ ಮಾತು ಕೊಟ್ಟಿದ್ದೇನೆ.

ಲೈಟ್ ಆರಿಸಿದರು.

ಬಟನ್ ಒತ್ತಿದ ಶಬ್ದವಿಲ್ಲ.

ಇನ್ನೂ ಇಲ್ಲ. ಒಂದೂ ಇಲ್ಲ. ಸಾದಿಯಾಳ ಉಗುರು ನಾಟುತ್ತಿದೆ.

“ಆಂಟಿ, ಶುರುವಾಯ್ತಾ? ಈಗ್ಲೇ ಒತ್ಬೇಕಾ?”

“ಹೂಂ ಪುಟ್ಟ, ಈಗ ಒತ್ತು.”

ಟಿಕ್. ಟಿಕ್. ಟಿಕ್.

ಬರುತ್ತಿದೆ. ಬಿಟ್ಟು ಬಿಟ್ಟು ಅಲ್ಲ. ವಾಚು ಕಿವಿಗೆ ಹಿಡಿದು ಬದುಕಿದವನು ನಾನು, ಓಡುವುದು ಯಾವುದು, ನಿಲ್ಲುವುದು ಯಾವುದು, ಗೊತ್ತು. ಸಾದಿಯಾ ಏನೋ ಕೇಳಿದಳು. ಶ್ ಎಂದೆ.

ನಿಂತಿತು — ಇಲ್ಲ, ಪಟ್ಟಿ ಬದಲಿಸುತ್ತಿದ್ದಾರೆ. ಈಗ ಎಡಗಣ್ಣು.

ಟಿಕ್. ಬಂತು. ಟಿಕ್, ಟಿಕ್. ಯಾ ಅಲ್ಲಾಹ್, ಎಷ್ಟೊಂದು ಬೆಳಕುಗಳಿವೆ ಆ ಡಬ್ಬಿಯೊಳಗೆ. ನಾನು ಕೂತಾಗಲೂ ಇಷ್ಟೇ ಇದ್ದವು. ಮೂಲೆ ಮೂಲೆಯಲ್ಲೂ ಮಿನುಗುತ್ತಿದ್ದವು, ನಾನು ಮಿಷನ್ ನಿಂತಿದೆ ಎಂದೆ. ಮತ್ತೆ ಬಂತು. ಮತ್ತೆ ಬಂತು. ಮತ್ತೆ